ಆವಿ ತೋರಿಸಿದ ಕೈ

ಮಾವನದು ಒಂದೇ ನಿಯಮ: ಹುಡುಕಿದರೆ ಸಿಗುವಂಥ ಕೆಲಸ ಕೆಲಸವೇ ಅಲ್ಲ. ಗುದ್ದಿಸಿಕೊಂಡು ಸೊಟ್ಟಗಾದ ಕಾರು ಅವರ ಗ್ಯಾರೇಜಿನೊಳಕ್ಕೆ ಹೋಗಿ ಹೊರಗೆ ಬಂತೆಂದರೆ, ಎಲ್ಲಿ ಗುದ್ದಿತ್ತು ಎನ್ನುವುದು ಕಾರಿನ ಯಜಮಾನನಿಗೆ ಗೊತ್ತಾಗಬಾರದು, ಗುದ್ದಿದವನಿಗೆ ಗೊತ್ತಾಗಬಾರದು, ನಾಲ್ಕು ದಿನ ಕಳೆದರೆ ಸರಿಮಾಡಿದ ತನಗೂ ಗೊತ್ತಾಗಬಾರದು. ಹಾಗಾಗಿ ಯಾವ ಕಾರಿನ ಯಾವ ಭಾಗಕ್ಕೆ ಬಣ್ಣ ಹೊಡೆದೆ ಎಂಬುದನ್ನು ಅವರು ಜಪ್ಪಯ್ಯ ಅಂದರೂ ಬಾಯಿ ಬಿಡುತ್ತಿರಲಿಲ್ಲ. ಹೊಲಿಗೆ ಕಾಣೋ ಹಾಗಿದ್ದರೆ ದರ್ಜಿ ಯಾಕೆ, ಅವನವನೇ ಹೊಲಿದುಕೊಳ್ಳಲಿ ಎನ್ನುವುದು ಅವರ ವಾದ. ಊರಿನ ಅರ್ಧಕ್ಕರ್ಧ ಕಾರುಗಳು ಅವರ ಕೈಯ ಬಣ್ಣವನ್ನು ಮೈಮೇಲೆ ಹೊತ್ತು ಓಡಾಡುತ್ತಿದ್ದವು, ಯಾವ ಕಾರಿನಲ್ಲಿ ಎಲ್ಲಿ ಎಂದು ಮಾತ್ರ ಒಬ್ಬರಿಗೂ ತಿಳಿಯದು.

ಇಂಥವರ ಮನೆಗೆ ಸೊಸೆ ಆವಿ ಯಂತ್ರ ತಂದಳು.

ಗ್ಯಾರೇಜಿನ ಹಿಂಭಾಗ ಮಾವನ ಬಣ್ಣದ ಕೋಣೆ, ಮುಂದಿನ ಅಂಗಳ ಸೊಸೆಯ ಕಾರು ತೊಳೆಯುವ ಜಾಗ. ಮದುವೆಯಾಗಿ ಬಂದ ಹೊಸದರಲ್ಲಿ ಬಕೆಟ್ಟು, ಸ್ಪಂಜು ಹಿಡಿದು ಶುರುಮಾಡಿದ ಕೆಲಸ ಅವಳದು. ಹೋದ ವರ್ಷ ಯಾರದೋ ಮಾತು ಕೇಳಿ, ನಾಲ್ಕು ಕಡೆ ವಿಚಾರಿಸಿ, ಸೊಂಟದೆತ್ತರದ ಒಂದು ಯಂತ್ರ ತಂದಿಟ್ಟಳು. ಹೊಟ್ಟೆಯಲ್ಲಿ ನೀರು ಕುದಿಸಿಕೊಂಡು, ಕೊಳವೆಯ ತುದಿಯಿಂದ ಬುಸ್ಸೆಂದು ಆವಿ ಉಗುಳುವ ಯಂತ್ರ. ಅವಳ ಗಂಡ, ಬಸ್ಸು ಓಡಿಸುವವನು, ಅದನ್ನು ನೋಡಿದ ದಿನವೇ ಬುಸ್ಸಪ್ಪ ಎಂದು ಹೆಸರಿಟ್ಟ. ಎರಡು ಲೋಟ ನೀರಿನಲ್ಲಿ ಇಡೀ ಕಾರನ್ನು ಹೊಸ ಮದುಮಗಳ ಹಾಗೆ ಮಾಡುತ್ತದೆ ಎಂದು ಸೊಸೆ ಹೇಳಿದರೆ, ಮಾವ ದೂರದಿಂದ ಒಂದು ಸಲ ನೋಡಿ, "ಇಸ್ತ್ರಿ ಅಂಗಡಿಯವರಿಗೆ ಕೊಟ್ಟುಬಿಡಮ್ಮ, ಅವರಿಗಾದರೂ ಉಪಯೋಗಕ್ಕೆ ಬರುತ್ತೆ" ಎಂದು ಒಳಗೆ ಹೋದರು.

ಅವರ ಸಿಟ್ಟಿಗೆ ಕಾರಣವಿಲ್ಲದೆ ಇರಲಿಲ್ಲ. ಕಾರ್ಖಾನೆಯಲ್ಲಿ ಒಲೆಯೊಳಗೆ ಬೆಂದು ಬಂದ ಬಣ್ಣ ಆವಿಗೆ ಹೆದರುವುದಿಲ್ಲ. ಕೊಳವೆಯನ್ನು ಮೊಳದಷ್ಟು ದೂರ ಹಿಡಿದು, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿದ್ದರೆ ಅದಕ್ಕೆ ಏನೂ ಆಗದು. ಆದರೆ ಆಮೇಲೆ ಹೊಡೆದ ಬಣ್ಣದ ಕಥೆ ಬೇರೆ. ಹೊಡೆದವನು ಕೆಳಗೆ ಒಂದಿಷ್ಟು ಜಿಡ್ಡು ಬಿಟ್ಟಿದ್ದರೆ, ತಗ್ಗು ತುಂಬಲು ಮೆತ್ತಿದ ಪುಟ್ಟಿ ಪೂರ್ತಿ ಒಣಗುವ ಮೊದಲೇ ಅವಸರ ಮಾಡಿದ್ದರೆ, ಆವಿಯ ಬಿಸಿ ಒಳಗೆ ನುಗ್ಗಿ ಬಣ್ಣವನ್ನು ಬೊಬ್ಬೆಯಂತೆ ಎಬ್ಬಿಸುತ್ತದೆ. ಪಕ್ಕದ ಬೀದಿಯಲ್ಲಿ ಹಾಗೇ ಆಗಿತ್ತು. ಯಾರೋ ಒಬ್ಬರ ಬಂಪರಿನ ಬಣ್ಣ ಆವಿ ತಾಕಿದ್ದೇ ತಡ ಹಾಳೆ ಹಾಳೆಯಾಗಿ ಎದ್ದು, ಹೊಡೆದ ಪೇಂಟರ್ ಒಂದು ವಾರ ಅಂಗಡಿ ಬಾಗಿಲು ತೆಗೆಯಲಿಲ್ಲ. ಆವತ್ತಿನಿಂದ ಮಾವನ ಹುಕುಂ ಆಯಿತು: ನಾನು ಬಣ್ಣ ಹೊಡೆದ ಗಾಡಿಗೆ ನಿನ್ನ ಯಂತ್ರ ಮುಟ್ಟಿಸಬೇಡ. ಸರಿ ಮಾವ, ಯಾವ ಗಾಡಿ ಹೇಳಿ ಎಂದರೆ, ಹೇಳುವುದಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ ಆಗಿ, ಬುಸ್ಸಪ್ಪ ಹಳೇ ಬೆಡ್‌ಶೀಟು ಹೊದ್ದುಕೊಂಡು ಮೂಲೆ ಸೇರಿದ.

ಮನೆಯೊಳಗೆ ಇನ್ನೊಂದು ತೊಡಕಿತ್ತು. ಅಪ್ಪ, ಮಗ ಒಂದೇ ಸೂರಿನಡಿ ಇದ್ದು, ಒಂದೇ ಪಾತ್ರೆಯ ಅನ್ನ ಉಂಡು, ಮಾತು ಮಾತ್ರ ಸೊಸೆಯ ಮೂಲಕ ಕಳಿಸುತ್ತಿದ್ದರು. ಅವನಿಗೆ ಹೇಳು ಗೇಟಿಗೆ ಎಣ್ಣೆ ಹಾಕಲಿ. ಅಪ್ಪನಿಗೆ ಹೇಳು ಹಾಕಾಯ್ತು. ಜಗಳವೇನಲ್ಲ, ಜಗಳವಾಗಿದ್ದರೆ ಎಂದೋ ಮುಗಿಯುತ್ತಿತ್ತು. ಮಗ ಚಿಕ್ಕವನಿದ್ದಾಗಿನಿಂದ ಬಣ್ಣದ ಕೋಣೆಯಲ್ಲೇ ಬೆಳೆದವನು. ಮೀಸೆ ಮೂಡುವ ವಯಸ್ಸಿನಲ್ಲಿ ಒಂದು ದಿನ ಅಪ್ಪ ಅವನ ಕೈಯಿಂದ ಸ್ಪ್ರೇ ಗನ್ ತೆಗೆದುಕೊಂಡು, ನಿನ್ನ ಕೈ ಸ್ಟೇರಿಂಗಿಗೆ ಸರಿ, ಇದಕ್ಕಲ್ಲ ಎಂದು ಹೊರಗೆ ಕಳಿಸಿದರು. ಅವನು ಎದುರಾಡಲಿಲ್ಲ. ಹೋಗಿ ಬಸ್ಸಿನ ಕೆಲಸಕ್ಕೆ ಸೇರಿದ. ಆವತ್ತಿನಿಂದ ಬಣ್ಣದ ಕೋಣೆಯ ಹೊಸ್ತಿಲು ದಾಟಿದವನಲ್ಲ. ಊಟಕ್ಕೆ ಕರೆಯಲು ಬಂದರೂ ಹೊರಗೇ ನಿಂತು ಕೆಮ್ಮುತ್ತಿದ್ದ. ಸೊಸೆಗೆ ಆ ಕೆಮ್ಮು ಕೇಳಿದಾಗಲೆಲ್ಲ ಸಂಕಟವಾಗುತ್ತಿತ್ತು.

ತಣ್ಣನೆಯ ಒಂದು ಬೆಳಿಗ್ಗೆ ಟೀಚರಮ್ಮನ ಕಾರು ಬಂತು. ಊರಿನ ಮುಕ್ಕಾಲುಪಾಲು ಜನಕ್ಕೆ ಮಗ್ಗಿ ಕಲಿಸಿ, ಕಿವಿ ಹಿಂಡಿ ನಿವೃತ್ತಿಯಾದವರು ಅವರು. ಕಡುನೀಲಿ ಬಣ್ಣದ ಹಳೇ ಕಾರು, ಅದನ್ನು ಕೂಡ ಮಗುವಿನ ಹಾಗೆ ಶಿಸ್ತಿನಲ್ಲಿ ಇಟ್ಟಿದ್ದರು. ಈ ಸಲ ಮಗಳ ಮನೆಗೆ ಹೋಗಿ ಬಹಳ ದಿನ ಉಳಿದು ಬಂದು ನೋಡಿದರೆ ಕಾರಿನ ಮೈತುಂಬ ಮರದ ಅಂಟು. ಮೇಲಿಂದ ತೊಟ್ಟಿಕ್ಕಿ, ಧೂಳು ಹಿಡಿದು, ಬಿಸಿಲಿಗೆ ಗಟ್ಟಿಯಾಗಿ, ಕಲ್ಲಿನ ಹರಳಿನಂತೆ ಕೂತಿತ್ತು. ಮೊಮ್ಮಗಳು ಡ್ರೈವಿಂಗ್ ಕಲಿತಿದ್ದಾಳೆ, ಸಂಜೆ ಬಂದು ಕಾರನ್ನು ತನ್ನದಾಗಿ ತೆಗೆದುಕೊಂಡು ಹೋಗುತ್ತಾಳೆ, ಈ ಅವತಾರದಲ್ಲಿ ಕೊಡೋದು ಹೇಗೆ ಎಂದು ಅವರು ಪೇಚಾಡಿದರು.

ಸೊಸೆ ಉಗುರಿನಿಂದ ಒಂದು ಹರಳನ್ನು ಒತ್ತಿ ನೋಡಿದಳು. ಕೆರೆದರೆ ಗೀರು ಬೀಳುತ್ತದೆ. ಥಿನ್ನರ್ ಹಾಕಿದರೆ ಅಂಟಿನ ಜೊತೆ ಬಣ್ಣವೂ ಹೋಗುತ್ತದೆ. ಇದ್ದ ದಾರಿ ಒಂದೇ. ಅವಳ ಕಣ್ಣು ಬೆಡ್‌ಶೀಟು ಹೊದ್ದ ಯಂತ್ರದ ಕಡೆ ಹೋಯಿತು, ಟೀಚರಮ್ಮನ ಕಣ್ಣೂ ಅದರ ಹಿಂದೆಯೇ ಹೋಯಿತು.

"ಅದು ಆವಿ ಯಂತ್ರ ಅಲ್ವೇನಮ್ಮ? ಹೊಡೆದರೆ ಹೊರಗಿನ ಬಣ್ಣಕ್ಕೆ ಏನಾದ್ರೂ ಆಗುತ್ತಾ?"

"ಕಂಪನಿ ಬಣ್ಣ ಆದ್ರೆ ಏನೂ ಆಗಲ್ಲ ಟೀಚರಮ್ಮ. ಆಮೇಲೆ ಯಾರಾದ್ರೂ ಹೊಡೆದಿದ್ರೆ, ಅದು ಅವರ ಕೈ ಮೇಲೆ ಹೋಗುತ್ತೆ."

ಟೀಚರಮ್ಮ ನಕ್ಕುಬಿಟ್ಟರು. ಈ ಕಾರಿಗೆ ಬಣ್ಣ ಹೊಡೆದದ್ದು ಒಬ್ಬರೇ ಪೇಂಟರ್, ನಿನ್ನ ಮಾವ, ಅದೂ ಒಂದೇ ಸಲ, ಕೊಂಡ ಹೊಸದರಲ್ಲಿ. ಎಲ್ಲಿ ಹೊಡೆದರು ಅಂತ ನಾನೂ ಹುಡುಕಿ ಹುಡುಕಿ ಸೋತೆ, ಅವರೂ ಹೇಳಲಿಲ್ಲ ಎಂದರು. ಮಾವ ಆಗಲೇ ಬಣ್ಣದ ಕೋಣೆಯ ಬಾಗಿಲಿಗೆ ಬಂದು ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಆವಿ ಹೊಡೆದು ಬಣ್ಣ ಎದ್ದರೆ, ಊರಿಗೆಲ್ಲ ಪಾಠ ಹೇಳಿದ ಹೆಂಗಸಿನ ಎದುರಿಗೆ ಮುದುಕರ ಜೀವಮಾನದ ಹೆಸರು ಸಿಪ್ಪೆಯ ಹಾಗೆ ಸುಲಿದು ಬೀಳುತ್ತದೆ. ಸುಲಿಯುವುದು ಅವಳ ಕೈ. ಆ ಮೇಲೆ ಈ ಮನೆಯಲ್ಲಿ ಅವರ ಮುಖ ನೋಡುವುದು ಹೇಗೆ ಎಂಬುದೊಂದೇ ಅವಳ ಭಯ.

ಅವಳು ಬೇರೇನೋ ನೆಪ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಮಾವ ಅಂಗಳಕ್ಕೆ ಇಳಿದರು. ಕಾರಿನ ಸುತ್ತ ಒಂದು ಸುತ್ತು ಬಂದರು. ಹೆದರಿದ್ದಾರೆ ಎಂದು ಅವರ ಕಾಲು ನೋಡಿದರೇ ಗೊತ್ತಾಗುತ್ತಿತ್ತು, ಮುಖ ಮಾತ್ರ ಬಿಟ್ಟುಕೊಡಲಿಲ್ಲ.

"ಹೊಡಿ. ನನ್ನ ಎದುರಿಗೇ ಹೊಡಿ. ಏಳೋ ಬಣ್ಣ ಆದ್ರೆ ಇವತ್ತೇ ಎದ್ದುಹೋಗಲಿ."

ಆಮೇಲೆ, ಟೀಚರಮ್ಮನಿಗೆ ಕುರ್ಚಿ ತಂದುಕೊಡುವ ನೆಪದಲ್ಲಿ ಹತ್ತಿರ ಬಂದು, ಸೊಸೆಯ ಕಿವಿಯಲ್ಲಿ ಮೆಲ್ಲಗೆ ಹೇಳಿದರು. "ಎಡಗಡೆ ಹಿಂದಿನ ಬಾಗಿಲು. ಕೆಳಗಡೆ. ಅಂಗೈಯಷ್ಟು." ಹೇಳಿ, ಕಳ್ಳತನ ಒಪ್ಪಿಕೊಂಡವರ ಹಾಗೆ ಅತ್ತ ಮುಖ ತಿರುಗಿಸಿದರು. ಜೀವಮಾನದಲ್ಲಿ ಅವರು ತಮ್ಮ ನಿಯಮ ಮುರಿದದ್ದು ಅದೇ ಮೊದಲು, ಅದೂ ತಮಗಾಗಿ ಅಲ್ಲ, ಅವಳ ಕೈಗೆ ಕೆಟ್ಟ ಹೆಸರು ಬರಬಾರದೆಂದು.

ಬುಸ್ಸಪ್ಪ ಬಿಸಿಯಾದ. ಸೊಸೆ ಮೊದಲು ಆವಿಯನ್ನು ಗಾಳಿಗೆ ಬಿಟ್ಟು ನೋಡಿದಳು, ನೀರಿನ ಹನಿ ನಿಂತು ಒಣ ಆವಿ ಬರುವ ತನಕ ಕಾದಳು. ತಣ್ಣಗಿದ್ದ ಗಾಜುಗಳಿಗೆ ಒಮ್ಮೆಲೇ ಬಿಸಿ ತಾಕಿದರೆ ಸೀಳಬಹುದೆಂದು ಅವಕ್ಕೆ ಬಟ್ಟೆ ಮುಚ್ಚಿದಳು. ಆಮೇಲೆ ಬಾನೆಟ್ಟಿನಿಂದ ಶುರುಮಾಡಿದಳು. ಮೊಳದ ದೂರ, ಒಂದೇ ವೇಗ, ಈ ತುದಿಯಿಂದ ಆ ತುದಿಗೆ, ತುದಿ ದಾಟಿದ ಮೇಲೆಯೇ ಕೈ ತಿರುಗಿಸುವುದು. ಗಟ್ಟಿಯಾಗಿ ಕೂತಿದ್ದ ಅಂಟು ಮೊದಲು ಬೆವರಿತು, ಆಮೇಲೆ ಮೆತ್ತಗಾಯಿತು, ಆಮೇಲೆ ಜೇನಿನ ಹಾಗೆ ಇಳಿಯತೊಡಗಿತು. ಮೆತ್ತನೆ ಬಟ್ಟೆಯಿಂದ ಒರೆಸಿದರೆ ಅಡಿಯಿಂದ ಮುಸ್ಸಂಜೆಯ ಆಕಾಶದಂಥ ನೀಲಿ ಎದ್ದು ಬಂತು. ಟೀಚರಮ್ಮ ಮೂಗಿನ ಮೇಲೆ ಬೆರಳಿಟ್ಟು ಕೂತರು.

ಮಾವ ನೋಡುತ್ತಿದ್ದದ್ದು ಬಣ್ಣವನ್ನಲ್ಲ, ಸೊಸೆಯ ಕೈಯನ್ನು. ಸ್ಪ್ರೇ ಗನ್ ಹಿಡಿದವರ ಕೈ ಹೋಗುವುದೂ ಹೀಗೆಯೇ. ಎಲ್ಲಿ ಕಲಿತಳು ಎಂದು ಕೇಳಬೇಕಾಗಿರಲಿಲ್ಲ, ಹೊಸ್ತಿಲಾಚೆಯಿಂದ ಇಷ್ಟು ವರ್ಷ ನೋಡಿ ನೋಡಿ ಕಲಿತಿದ್ದಳು. ಅವರು ತಾವು ಕೂತ ಸ್ಟೂಲನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡರು ಅಷ್ಟೆ.

ಎಡಗಡೆ ಹಿಂದಿನ ಬಾಗಿಲಿಗೆ ಬಂದಾಗ ಅವಳು ಆವಿಯನ್ನು ಸಣ್ಣಗೆ ಮಾಡಿದಳು, ಕೊಳವೆಯನ್ನು ಇನ್ನಷ್ಟು ದೂರ ಹಿಡಿದಳು. ತಣ್ಣನೆಯ ಬಾಗಿಲ ಮೇಲೆಲ್ಲ ಬೆಳ್ಳಗೆ ಮಂಜು ಕವಿಯಿತು. ಅವಳು ಕೈ ಹಿಂದಕ್ಕೆ ತೆಗೆದಳು. ಮೂವರೂ ಕಣ್ಣಿಟ್ಟು ನೋಡಿದರು. ಮಂಜು ಮೇಲಿನಿಂದ ಹಾರತೊಡಗಿತು, ಬದಿಗಳಿಂದ ಹಾರಿತು, ನಡುವಿನಿಂದ ಹಾರಿತು. ಕೆಳಗಡೆ ಒಂದು ಕಡೆ ಮಾತ್ರ ಹಾರಲಿಲ್ಲ. ಅಂಗೈಯಷ್ಟು ಅಗಲ, ಅಂಚು ಬರೆದಿಟ್ಟ ಹಾಗೆ, ಬೆಳ್ಳಗೆ ನಿಂತುಕೊಂಡಿತು.

ಇದೇನು, ಬಣ್ಣ ಎದ್ದಿತಾ ಎಂದು ಟೀಚರಮ್ಮ ಕುರ್ಚಿಯಿಂದ ಎದ್ದರು. ಆದರೆ ಅವರು ನೋಡುತ್ತಿದ್ದಂತೆಯೇ ಆ ಬಿಳುಪು ಅಂಚಿನಿಂದ ಕುಗ್ಗುತ್ತ ಕುಗ್ಗುತ್ತ ಬಂದು ಮಾಯವಾಯಿತು. ಕೆಳಗೆ ನೀಲಿ ಇದ್ದ ಹಾಗೇ ಇತ್ತು. ಸೊಸೆ ಉಗುರು ಆಡಿಸಿದಳು, ಎಲ್ಲೂ ತಡೆಯಲಿಲ್ಲ.

ಮಾವ ಎದ್ದು ನಿಂತಿದ್ದರು. ಬರೀ ತಗಡು ತೆಳು, ಬೇಗ ಬಿಸಿಯಾಗುತ್ತದೆ, ಮಂಜು ಬೇಗ ಹಾರುತ್ತದೆ. ಪುಟ್ಟಿ ಹಚ್ಚಿದ ಕಡೆ ದಪ್ಪ, ತಣ್ಣಗೇ ಇರುತ್ತದೆ, ಅಲ್ಲಿ ಮಂಜು ನಿಲ್ಲುತ್ತದೆ ಎಂದು ಟೀಚರಮ್ಮನಿಗೆ ವಿವರಿಸಿದರು. ವಿವರಿಸುವಾಗ ಅವರ ಧ್ವನಿ ಅವರದಾಗಿರಲಿಲ್ಲ. ಎಂದೋ ಮಾಡಿ, ಯಾರ ಕಣ್ಣಿಗೂ ಬೀಳದಂತೆ ಮುಚ್ಚಿ, ತಾವೂ ಮತ್ತೆ ಕಂಡಿರದ ಕೆಲಸ ಅದು. ಮುಚ್ಚಿದ್ದನ್ನು ಮುಚ್ಚಿದಂತೆಯೇ ಇಟ್ಟು ಆವಿ ಅದರ ಆಕಾರವನ್ನು ಮಾತ್ರ ತೋರಿಸಿತ್ತು, ಒಂದು ಉಸಿರಿನಷ್ಟು ಹೊತ್ತು.

"ಇನ್ನೊಂದು ಸಲ ತೋರಿಸಮ್ಮ," ಎಂದರು ಮಾವ.

ಅವಳು ಇನ್ನೊಂದು ಸಲ ತೋರಿಸಿದಳು. ಬಣ್ಣ ಏಳಲಿಲ್ಲ, ಮಾವನ ಹೆಸರು ನಿಂತಿತು, ಬುಸ್ಸಪ್ಪನ ಮಾನವೂ ಉಳಿಯಿತು. ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಕಾರಿಗೆ ಇನ್ನೊಂದು ಮಗ್ಗುಲೂ ಇರುತ್ತದಲ್ಲ.

ಎದೆಯ ಭಾರ ಇಳಿದ ಸೊಸೆ ಗುನುಗುತ್ತ ಹಿಂದಿನಿಂದ ಬಳಸಿ ಬಲಗಡೆಗೆ ಬಂದಳು. ಹಿಂದಿನ ಚಕ್ರದ ಮೇಲ್ಭಾಗದಲ್ಲಿ ತಗಡು ಹೊರಕ್ಕೂ ಬಾಗುತ್ತದೆ, ಕೆಳಕ್ಕೂ ಬಾಗುತ್ತದೆ, ನಟ್ಟನಡುವೆ ಬಾಗಿಲಿಂದ ಬಂದ ಗೆರೆಯೊಂದು ಚೂಪಾಗಿ ಹಾದುಹೋಗುತ್ತದೆ. ಅಲ್ಲಿ ಆವಿ ಕವಿಯಿತು, ಹಾರಿತು, ಮತ್ತೆ ಒಂದು ಕಡೆ ಹಾರದೆ ನಿಂತಿತು. ಈ ಸಲ ಅಂಗೈಯಷ್ಟಲ್ಲ, ಊಟದ ತಟ್ಟೆಯಷ್ಟು. ಚೂಪು ಗೆರೆಯ ಆಚೆಗೂ ಈಚೆಗೂ ಹಬ್ಬಿಕೊಂಡು ಬೆಳ್ಳಗೆ ನಿಂತಿತ್ತು.

"ಇದು ನಂದಲ್ಲ," ಎಂದರು ಮಾವ.

ಅವರ ಮುಖ ಸಣ್ಣಗಾಯಿತು. ಟೀಚರಮ್ಮನ ಕಡೆ ತಿರುಗಿ, ಬೇರೆ ಯಾರ ಹತ್ತಿರವಾದರೂ ಕೆಲಸ ಮಾಡಿಸಿದ್ದೀರಾ, ಮಾಡಿಸಿದ್ದರೆ ತಪ್ಪೇನಿಲ್ಲ, ಹೇಳಿ ಎಂದು ಕೇಳಿದರು. ತಪ್ಪೇನಿಲ್ಲ ಎನ್ನುವ ಧ್ವನಿಯಲ್ಲೇ ತಪ್ಪೆಲ್ಲ ಇತ್ತು. ಟೀಚರಮ್ಮ ಬೆನ್ನು ನೆಟ್ಟಗೆ ಮಾಡಿ, ಸುಳ್ಳು ಹೇಳಿದ ಮಕ್ಕಳಿಗೆ ಶಿಕ್ಷೆ ಕೊಟ್ಟವಳು ನಾನು, ಈ ಕಾರು ನಿಮ್ಮ ಗ್ಯಾರೇಜು ಬಿಟ್ಟು ಇನ್ನೊಂದು ಗ್ಯಾರೇಜಿನ ಮೆಟ್ಟಿಲು ಹತ್ತಿಲ್ಲ ಎಂದರು. ಅವರು ಹೇಳಿದ ಮೇಲೆ ಮುಗಿಯಿತು.

ಮಾವ ಮಂಡಿಯೂರಿ ಕೂತರು. ಉಗುರು ಆಡಿಸಿದರು, ಕಣ್ಣು ಮುಚ್ಚಿ ಅಂಗೈ ಸವರಿದರು, ಕೆನ್ನೆಯನ್ನು ತಗಡಿಗೆ ತಾಗಿಸಿ ಉದ್ದಕ್ಕೂ ನೋಡಿದರು. ಎದುರಿನ ಗೇಟಿನ ಸರಳುಗಳು ಆ ನೀಲಿಯಲ್ಲಿ ಪ್ರತಿಬಿಂಬಿಸುತ್ತಿದ್ದವು. ಪೇಂಟರುಗಳು ಸುಳ್ಳನ್ನು ಹಿಡಿಯುವುದು ಹಾಗೆ. ಪುಟ್ಟಿ ಒಂದು ಕೂದಲಿನಷ್ಟು ಏರುಪೇರಾದರೂ ಪ್ರತಿಬಿಂಬದ ಸರಳು ಅಲ್ಲಿ ನಡುಗುತ್ತದೆ. ಇಲ್ಲಿ ಒಂದು ಸರಳೂ ನಡುಗಲಿಲ್ಲ. ಬಾಗುವ ಕಡೆ ಬಾಗಿ, ಗೆರೆಯ ಹತ್ತಿರ ಮುರಿದು, ಮತ್ತೆ ನೆಟ್ಟಗೆ ಹೋದವು. ವರ್ಷಕ್ಕೊಂದು ಸಲ ಈ ಕಾರಿಗೆ ಪಾಲಿಶ್ ಹಾಕುತ್ತಿದ್ದವರು ಅವರೇ. ಅಷ್ಟು ಸಲ ಈ ತಿರುವಿನ ಮೇಲೆ ಕೈಯಾಡಿಸಿದ್ದರು, ಒಂದು ಸಲವೂ ಕೈಗೆ ಸಿಕ್ಕಿರಲಿಲ್ಲ.

ಸೊಸೆ ಸಿಟ್ಟು ಬರುತ್ತದೆ ಎಂದುಕೊಂಡು ಕಾದಳು. ಬಂದದ್ದು ಸಿಟ್ಟಲ್ಲ.

"ಈ ತಿರುವನ್ನ ನಾನು ಹೀಗೆ ಮಾಡ್ತಿರಲಿಲ್ಲ," ಎಂದರು ಮಾವ, ಎದ್ದೇಳದೆ. ಗೆರೆಯ ಉದ್ದಕ್ಕೂ ಬೆರಳು ಎಳೆದು, "ನನಗೆ ಬರ್ತಿರಲಿಲ್ಲ," ಎಂದರು.

ಅವರ ಬಾಯಿಂದ ಅಂಥ ಮಾತು ಬಂದದ್ದನ್ನು ಯಾರೂ ಕೇಳಿದವರಿರಲಿಲ್ಲ. ಹೇಳಿದ ಮೇಲೆ ಅವರಿಗೆ ಏನೋ ಹಗುರವಾದಂತೆ ಕಂಡಿತು. ಊರಿನ ಪೇಂಟರುಗಳನ್ನೆಲ್ಲ ಒಬ್ಬೊಬ್ಬರನ್ನಾಗಿ ಎಣಿಸತೊಡಗಿದರು. ಸಂತೆ ಬೀದಿಯವನು ಪುಟ್ಟಿಯನ್ನು ಗೋಡೆಗೆ ಗಾರೆ ಮೆತ್ತಿದ ಹಾಗೆ ಮೆತ್ತುತ್ತಾನೆ, ಅವನಲ್ಲ. ಸೇತುವೆ ಹತ್ತಿರದವನು ಬಣ್ಣ ಹೊಂದಿಸುತ್ತಾನೆ, ಆದರೆ ಅವಸರದ ಮನುಷ್ಯ, ಗೆರೆ ಮೊಂಡಾಗಿರುತ್ತಿತ್ತು. ಇದು ಯಾರದೋ ದೊಡ್ಡ ಕೈ. ಬದುಕಿದ್ದರೆ ಹೋಗಿ ಒಂದು ಸಲ ನೋಡಿಕೊಂಡು ಬರುತ್ತೇನೆ, ಏನೂ ಕೇಳುವುದಿಲ್ಲ, ಆ ಕೈ ನೋಡಿಕೊಂಡು ಬರುತ್ತೇನೆ ಅಷ್ಟೆ ಎಂದು ಟೀಚರಮ್ಮನಿಗೆ ಹೇಳುತ್ತಿದ್ದರು. ದೇವರ ಗುಡಿಯೆದುರು ನಿಂತವರ ಹಾಗೆ ಅವರ ಕಣ್ಣು ತುಂಬಿತ್ತು.

ಅಷ್ಟರಲ್ಲಿ ಬೆಳಗಿನ ಪಾಳಿ ಮುಗಿಸಿ ಗಂಡ ಗೇಟು ತೆಗೆದು ಒಳಗೆ ಬಂದ. ಟೀಚರಮ್ಮನನ್ನು ಕಂಡು ಹಳೇ ಅಭ್ಯಾಸದಂತೆ ಕೈಕಟ್ಟಿ ನಿಂತ. ಅವರು ಅವನನ್ನು ಹತ್ತಿರ ಕರೆದು, ನೋಡಪ್ಪ, ನಿಮ್ಮಪ್ಪನನ್ನೂ ಮೀರಿಸಿದವನೊಬ್ಬ ಇದ್ದಾನಂತೆ ಎಂದು ಕಾರಿನ ಕಡೆ ತೋರಿಸಿದರು. ಸೊಸೆ ಅವನಿಗೂ ಕಾಣಲೆಂದು ಒಂದಿಷ್ಟು ಆವಿ ಬಿಟ್ಟಳು. ಬಿಳಿಯ ತಟ್ಟೆ ಮತ್ತೆ ಮೂಡಿತು.

ಅದನ್ನು ಕಂಡ ಯಾರಾದರೂ ಏನದು ಎಂದು ಕೇಳಬೇಕು. ಟೀಚರಮ್ಮ ಕೇಳಿದ್ದರು, ಸೊಸೆಯೂ ಒಳಗೊಳಗೇ ಕೇಳಿಕೊಂಡಿದ್ದಳು. ಗಂಡ ಕೇಳಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ, ಅವನು ಸುಮ್ಮನೆ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದಕ್ಕೆ ತೆಗೆದುಕೊಂಡ. ಕಿವಿ ಕೆಂಪಾಯಿತು. ಸೊಸೆ ಅವನ ಮುಖ ನೋಡಿದಳು. ಅವನು ಇರುವೆ ಸರಿದಷ್ಟು ತಲೆ ಆಡಿಸಿದ. ಬೇಡ.

ಇಷ್ಟು ವರ್ಷ ಪಕ್ಕದಲ್ಲಿ ಮಲಗಿ ಎದ್ದ ಮನುಷ್ಯ ಇವನು, ಗೇಟಿನ ತಿರುಗಣೆಗೆ ಎಣ್ಣೆ ಹಾಕುವ ಕೈ ಇದು ಎಂದು ಅವಳು ಅವನನ್ನು ಹೊಸಬನನ್ನು ನೋಡಿದ ಹಾಗೆ ನೋಡಿದಳು. ಹೇಳಿಬಿಡಬಹುದಿತ್ತು. ಆದರೆ ಹೆಂಡತಿ ಹೇಳಿದರೆ ಅದು ಹೆಂಡತಿಯ ಮಾತಾಗುತ್ತದೆ, ಮತ್ತೆ ಅವಳ ಮೂಲಕ ಹೋದ ಇನ್ನೊಂದು ಸುದ್ದಿಯಾಗುತ್ತದೆ. ಹೇಳದಿದ್ದರೆ ಮಾವ ಇಲ್ಲದ ಯಾರನ್ನೋ ಹುಡುಕುತ್ತ ಊರೂರು ಅಲೆಯುತ್ತಾರೆ, ಮನೆಯೊಳಗಿನವನು ಹೊಸ್ತಿಲಾಚೆ ನಿಂತು ಕೆಮ್ಮುತ್ತಾನೆ. ಹಿತ್ತಲ ಗಿಡ ಮದ್ದಲ್ಲ ಎಂದು ಎಷ್ಟು ಮನೆಗಳು ಹೀಗೆ ರೋಗ ಸಾಕಿಕೊಂಡು ಕೂತಿವೆಯೋ.

ಅವಳು ಕೊಳವೆಯನ್ನೆತ್ತಿ ಆ ತಿರುವಿಗೆ ಹಿಡಿದಳು. ಮಂಜು ಮೂಡಿತು. ಹಾರುವ ಮೊದಲೇ ಇನ್ನೊಂದು ಸಲ ಹಿಡಿದಳು. ಆಮೇಲೆ ಅವಳ ಕೈ ಆಡುವುದನ್ನು ನಿಲ್ಲಿಸಿತು. ಒಂದೇ ಕಡೆ ನಿಲ್ಲಿಸಬಾರದು ಎಂದು ಎಲ್ಲರಿಗೂ ಹೇಳುತ್ತಿದ್ದವಳೇ ನಿಲ್ಲಿಸಿದಳು. ಬೇಕೆಂದೇ ಮಾಡಿದಳಾ, ಕೈ ತಾನಾಗಿ ನಿಂತಿತಾ, ಆಮೇಲೆ ಯಾರು ಕೇಳಿದರೂ ಅವಳಿಗೆ ಹೇಳಲು ಆಗಲಿಲ್ಲ. ಬುಸ್ಸಪ್ಪ ಒಂದೇ ಉಸಿರಿಗೆ ಬುಸುಗುಡುತ್ತಿದ್ದ. ನೀಲಿಯ ಮೇಲೆ ನೀರು ಇಳಿಯತೊಡಗಿತು. ಮಾವ ಏನೋ ಹೇಳಲು ಕೈಯೆತ್ತಿದರು.

"ಸಾಕು ತೆಗಿ," ಎಂದು ಗಂಡ ಮುಂದಕ್ಕೆ ಬಂದು ಅವಳ ಮುಂಗೈ ಹಿಡಿದ. "ಅಲ್ಲಿ ಪುಟ್ಟಿ ಎರಡು ಪದರ ಇದೆ. ಎದ್ದುಬಿಡುತ್ತೆ."

ಆವಿ ನಿಂತಿತು. ಕಾರಿನ ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸೊಸೆ ಮೊದಲು ತಗಡು ನೋಡಿದಳು. ಬಣ್ಣ ಎದ್ದಿರಲಿಲ್ಲ, ಒಂದು ಗುಳ್ಳೆಯೂ ಇರಲಿಲ್ಲ. ಆಮೇಲೆ ಧೈರ್ಯ ಮಾಡಿ ಮಾವನ ಕಡೆ ನೋಡಿದಳು.

"ಎರಡು ಪದರ ಅಂತ ನಿನಗೆ ಹೇಗೆ ಗೊತ್ತು?" ಎಂದರು ಮಾವ. ಅವನಿಗೆ ಕೇಳು ಎಂದು ಅವಳಿಗೆ ಹೇಳಲಿಲ್ಲ, ಅವನನ್ನೇ ಕೇಳಿದರು.

ಗಂಡ ಟೀಚರಮ್ಮನ ಎದುರು ಪಾಠ ಒಪ್ಪಿಸುವವನ ಹಾಗೆ ನೆಲ ನೋಡುತ್ತ ಹೇಳಿದ. ಅಪ್ಪ ಬಾಗಿಲಿನ ಕೆಲಸ ಮುಗಿಸಿ, ಕಾರನ್ನು ಒಣಗಲು ಬಿಟ್ಟು, ತಮ್ಮ ತಂಗಿಯ ಮನೆಗೆ ಎರಡು ದಿನ ಹೋಗಿದ್ದರು. ಕಾರನ್ನು ಸ್ವಲ್ಪ ಬಿಸಿಲಿಗೆ ಸರಿಸೋಣ ಎಂದು ಅವನು ಹಿಂದಕ್ಕೆ ತೆಗೆದ, ಗ್ಯಾರೇಜಿನ ಕಂಬಕ್ಕೆ ತಾಗಿಸಿಬಿಟ್ಟ. ಅಪ್ಪ ಬರುವಷ್ಟರಲ್ಲಿ ಒಬ್ಬನೇ ಬಡಿದು, ಮೆತ್ತಿ, ಉಜ್ಜಿ, ಬಣ್ಣ ಹೊಡೆದು ಮುಗಿಸಿದ. ಅಪ್ಪ ಬಂದರು, ಕಾರಿನ ಸುತ್ತ ಬಂದರು, ಬಲಗಡೆ ನಿಂತು ಅಂಗೈ ಕೂಡ ಸವರಿದರು. ಅವನ ಜೀವ ಬಾಯಿಗೆ ಬಂದಿತ್ತು. ಕೊನೆಗೆ ಅಪ್ಪ ಅಂದದ್ದು, ಗಾಡಿ ಒರೆಸಿ ಇಟ್ಟಿದೀಯಲ್ಲ, ಅಷ್ಟಾದರೂ ಬಂತು ಎಂದು. ಅವರಿಗೆ ಗೊತ್ತಾಗಲಿಲ್ಲವಲ್ಲ ಎಂಬ ಹೆಮ್ಮೆಯನ್ನು ಅವನು ಒಬ್ಬನೇ ಬಚ್ಚಿಟ್ಟುಕೊಂಡ. ಸ್ವಲ್ಪ ದಿನಕ್ಕೇ ಅವನನ್ನು ಕೋಣೆಯಿಂದ ಕಳಿಸಿದರು. ಆಗ ಹೇಳಿದ್ದರೆ ಗುದ್ದಿದ್ದನ್ನೂ ಹೇಳಬೇಕಿತ್ತು, ಜೊತೆಗೆ ಇನ್ನೊಂದು.

"ಹೇಳಿದ ಮೇಲೆ ಅದು ಸಿಕ್ಕಿದ ಕೆಲಸ ಆಗಿಬಿಡ್ತಿತ್ತಲ್ಲಪ್ಪ," ಎಂದ. "ಸಿಗಬಾರದು ಅಂತ ನೀವೇ ಹೇಳಿಕೊಟ್ಟಿದ್ದು."

ಟೀಚರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಕ್ಷಮೆ ಕೇಳುವುದು ಮಾವನ ಜಾಯಮಾನದಲ್ಲಿರಲಿಲ್ಲ, ಬೆನ್ನು ತಟ್ಟಿದವರೂ ಅಲ್ಲ. ಅವರು ಆ ತಿರುವಿನ ಮೇಲೆ ಕೈಯಿಟ್ಟು ಕೇಳಿದರು.

"ಈ ಜಾಗದಲ್ಲಿ ಉಜ್ಜೋ ಮರದ ತುಂಡು ಕೂರಲ್ಲ. ಬೆರಳಲ್ಲಿ ಉಜ್ಜಿದ್ರೆ ಬೆರಳಿನ ಅಚ್ಚು ಬೀಳುತ್ತೆ. ಯಾವುದಕ್ಕೆ ಸುತ್ತಿದೆ ಉಪ್ಪುಕಾಗದನ?"

ಒಬ್ಬ ಪೇಂಟರ್ ಇನ್ನೊಬ್ಬ ಪೇಂಟರಿಗೆ ಕೇಳುವ ಪ್ರಶ್ನೆ ಅದು. ಗಂಡನ ತಲೆ ಮೇಲೆದ್ದಿತು.

"ಚಪ್ಪಲಿಗೆ," ಎಂದ. "ರಬ್ಬರ್ ಚಪ್ಪಲಿ. ಮಣಿಯುತ್ತೆ, ಆದ್ರೆ ಕುಸಿಯಲ್ಲ. ತಿರುವು ಹೇಗಿದೆಯೋ ಹಾಗೆ ಹೋಗುತ್ತೆ." ಸ್ವಲ್ಪ ತಡೆದು ಸೇರಿಸಿದ, "ನಿಮ್ಮದೇ ಚಪ್ಪಲಿ ಅಪ್ಪ. ಎಡಗಾಲಿಂದು."

ಟೀಚರಮ್ಮನಿಗೆ ನಗು ತಡೆಯಲಾಗಲಿಲ್ಲ. ಒಂದೇ ಕಾಲಿನ ಚಪ್ಪಲಿ ಕದ್ದ ಕಳ್ಳನನ್ನು ಮಾವ ಒಂದು ತಿಂಗಳು ಬೀದಿಯ ನಾಯಿಗಳಲ್ಲಿ ಹುಡುಕಿದ್ದರಂತೆ. ಅವರು ನಗಲಿಲ್ಲ. ಬಗ್ಗಿ, ಕಾಲಿನಿಂದ ಚಪ್ಪಲಿ ಬಿಚ್ಚಿ ಕೈಗೆ ತೆಗೆದುಕೊಂಡು ಮಗನ ಕಡೆಗೆ ಬಂದರು.

ಬೆಳೆದ ಮಗನ ಮೇಲೆ ಅಪ್ಪ ಚಪ್ಪಲಿ ಎತ್ತುತ್ತಾರೆಂದೇ ಒಂದು ಕ್ಷಣ ಸೊಸೆಗೆ ಅನ್ನಿಸಿತು. ಗಂಡನೂ ಹಾಗೇ ಅಂದುಕೊಂಡನೇನೋ, ಕಣ್ಣು ಮುಚ್ಚಿದ, ಹಿಂದೆ ಸರಿಯಲಿಲ್ಲ. ಮಾವ ಚಪ್ಪಲಿಯನ್ನು ತಮ್ಮ ಅಂಗಿಯ ಚುಂಗಿಗೆ ಎರಡೂ ಕಡೆ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಮಗನ ಮುಂದೆ ಚಾಚಿದರು.

"ಹೇಗೆ ಹಿಡಿದೆ, ತೋರಿಸು."

ಅಪ್ಪ ಮೆಟ್ಟಿದ ಚಪ್ಪಲಿ ಅವರ ಕೈಯಿಂದಲೇ ತೆಗೆದುಕೊಳ್ಳಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ತೆಗೆದುಕೊಂಡು, ಚಕ್ರದ ಪಕ್ಕ ಕೂತು, ಚಪ್ಪಲಿಯನ್ನು ತಿರುವಿನ ಎದುರು ಗಾಳಿಯಲ್ಲಿ ಬಾಗಿಸಿ ಹಿಡಿದ. ಬಣ್ಣಕ್ಕೆ ತಾಗದಷ್ಟು ದೂರದಲ್ಲಿ, ಮೇಲಿನಿಂದ ಗೆರೆಯ ತನಕ, ಗೆರೆಯ ಹತ್ತಿರ ಹಗುರ ಮಾಡಿ, ಮತ್ತೆ ಕೆಳಕ್ಕೆ. ಮಾವನೂ ಕಷ್ಟಪಟ್ಟು ಮಂಡಿ ಮಡಚಿ ಅವನ ಪಕ್ಕ ನೆಲದ ನೀರಿನಲ್ಲೇ ಕೂತರು. ನೋಡಿದ್ದು ಸಾಲದೆಂದು ಮಗನ ಕೈಯ ಮೇಲೆ ತಮ್ಮ ಕೈ ಇಟ್ಟರು. ಒತ್ತಲಿಲ್ಲ, ತಿದ್ದಲಿಲ್ಲ. ಅದು ಹೋದ ಕಡೆಗೆಲ್ಲ ಹೋದರು.